ನಡುಗೋಪುರದ ಸೈತಾನ

ಅಮ್ಮನ ಬಾಯಿಂದ ಒಂದೇ ಒಂದು ಡೈಲಾಗ್ ಹೊರಡಿಸಬೇಕಿತ್ತು. ಅದಕ್ಕೇ ಅವಳನ್ನು ತುಲೂಸ್‌ನಿಂದ ರೈಲಿನಲ್ಲಿ ಅಜ್ಜಿಯ ಊರು ಕಾಓರ್‌ಗೆ, ಮೂರು ಗೋಪುರಗಳ ಆ ಹಳೇ ಕೋಟೆಸೇತುವೆಗೆ ಕರೆತಂದಿದ್ದೆ. ಚೀಲದಲ್ಲಿ ಅಡುಗೆಮನೆಯ ಜರಡಿ ಬಚ್ಚಿಟ್ಟಿದ್ದೆ. ಸೋಮವಾರ ಅವಳಿಗೆ ಮತ್ತೆ ಕಿಮೋ. ಬರುತ್ತೀಯಾ ಎಂದು ಕೇಳಿದಾಗಲೆಲ್ಲ ಅಮ್ಮ ಸುಮ್ಮನೆ ಸೂಪ್ ಕಲಕುತ್ತಿದ್ದಳು.

ಈ ಸೇತುವೆ ಕಟ್ಟಿದ ಮೇಸ್ತ್ರಿ ಸೈತಾನನ ಸಹಾಯ ಪಡೆದನಂತೆ. ಹೇಳಿದ ಕೆಲಸವನ್ನೆಲ್ಲ ಮಾಡಿಕೊಟ್ಟರೆ ನನ್ನ ಆತ್ಮ ನಿನ್ನದು ಎಂದನಂತೆ. ಕೊನೆಗೆ ಜರಡಿಯಲ್ಲಿ ನೀರು ತರಲು ಹೇಳಿ ಸೈತಾನನನ್ನೇ ಸೋಲಿಸಿದ. ಚಿಕ್ಕಂದಿನಲ್ಲಿ ನಾನು ನಡುಗೋಪುರದ ಕಮಾನಿನ ಹಿಂದೆ ಅಡಗಿ, ಸೈತಾನನಾಗಿ ಗರ್ಜಿಸುತ್ತಿದ್ದೆ. ಅಮ್ಮ ಸೊಂಟಕ್ಕೆ ಕೈಯಿಟ್ಟು, "ಹೋಗೋ, ಜರಡೀಲಿ ನೀರು ತಗೊಂಬಾ!" ಅನ್ನುತ್ತಿದ್ದಳು. ಸೈತಾನ ಔಟ್. ಆಮೇಲೆ ಇಬ್ಬರೂ ಆಚೆ ದಡಕ್ಕೆ ಓಟ.

"ಲೋ ಬಾಸ್ತಿಯಾಂ, ನಿಧಾನ ಕಣೋ."

"ಹೀರೋಯಿನ್ ಎಂಟ್ರಿ ಅಂದ್ರೆ ಸ್ಲೋ ಮೋಷನ್ನೇ. ಬಾಮ್ಮ."

"ಹೀರೋಯಿನ್ ತಲೇಲಿ ಒಂದು ಕೂದ್ಲಿಲ್ಲ."

"ಹೊಸ ಗೆಟಪ್ಪು!"

ನಕ್ಕಳು, ಕೆಮ್ಮಿದಳು. ಮೊದಲ ಗೋಪುರ ದಾಟಿದ ಮೇಲೆ ನಾನು ಮುಂದೆ ಓಡಿ ಕಮಾನಿನ ಹಿಂದೆ ಅಡಗಿದೆ. ಅವಳ ಚಪ್ಪಲಿ ಕಲ್ಲಿನ ಮೇಲೆ ಎಳೆದುಕೊಂಡು ಬರುವ ಸದ್ದು ಹತ್ತಿರವಾಯಿತು.

"ನಿಲ್ಲು! ಇದು ನನ್ನ ಅಡ್ಡಾ! ಆತ್ಮ ಇಲ್ಲಿಟ್ಟು ಮುಂದೆ ನಡಿ!"

ಡೈಲಾಗ್ ಮರೆತಿದ್ದರೆ ನೆನಪಾಗಲಿ ಎಂದು ಜರಡಿಯನ್ನೂ ಹೊರಗೆ ಚಾಚಿದೆ. ಫೋಟೋ ತೆಗೆಯುತ್ತಿದ್ದ ಯಾರೋ ಪ್ರವಾಸಿಗರು ಚಪ್ಪಾಳೆ ತಟ್ಟಿದರು. ಅಮ್ಮ ಗೋಡೆಗೆ ಒರಗಿಕೊಂಡಳು.

"ತಗೋ."

"ಅಮ್ಮಾ, ಡೈಲಾಗ್ ಅದಲ್ಲ."

"ಗೊತ್ತು."

"ಇನ್ನೊಂದು ಟೇಕ್. ನಿಲ್ಲು! ಆತ್ಮ—"

"ತಗೋ ಅಂದ್ನಲ್ಲಪ್ಪ. ಸೈತಾನಂಗೂ ಕಿವಿ ಕೇಳ್ಸಲ್ವಾ?" ಉಸಿರು ಸುಧಾರಿಸಿಕೊಂಡಳು. "ಸಾಕಾಗಿದೆ ಕಣೋ. ಸೋಮವಾರ ನಾನ್ ಬರಲ್ಲ."

"ನೀನ್ ಏನ್ ಹೇಳಿದ್ರೂ ಮಾಡ್ತೀನಮ್ಮ. ನದೀಗಿಳಿದು ಈ ಜರಡೀಲೇ ನೀರು ತರ್ತೀನಿ, ನೋಡ್ತಿರು."

"ನೀನು ತಂದ್ರೆ ಸೈತಾನ ಗೆದ್ದಂಗಲ್ವೇನೋ, ಪೆದ್ದ?"

 ಜರಡಿ ಹಿಡಿದುಕೊಂಡೇ ಕಮಾನಿನ ಹಿಂದಿನಿಂದ ಹೊರಬಂದೆ.

ಅಮ್ಮ ನನ್ನ ಕೈಯಿಂದ ಜರಡಿ ತೆಗೆದುಕೊಂಡು ಬೋಳುತಲೆಗೆ ಟೋಪಿಯಂತೆ ಇಟ್ಟುಕೊಂಡಳು.

"ಹೆಂಗಿದೆ ಗೆಟಪ್ಪು?"

ನಗಬೇಕಿತ್ತು. ಜರಡಿಯ ತೂತುಗಳಿಂದ ಇಳಿದ ಬಿಸಿಲು ಅವಳ ಮುಖದ ತುಂಬ ಚುಕ್ಕಿ ಚುಕ್ಕಿಯಾಗಿ ಬಿದ್ದಿತ್ತು. ಆಚೆ ದಡ ಅಲ್ಲೇ, ಕಣ್ಣೆದುರಿಗೇ ಇತ್ತು. ಅವಳು ನನ್ನ ತೋಳು ಹಿಡಿದಳು. ನಾವು ಬಂದ ದಾರಿಯಲ್ಲೇ ಸ್ಟೇಷನ್ ಕಡೆ ತಿರುಗಿದೆವು.