ಡೆಲ್ಕೊರ್ಟ್ ಹೇಳದ ಮಾತು

ಐವತ್ತು ದಾಟಿದ ಗಂಡಸರು ಕಚ್ಚಾಡುವುದಕ್ಕೆ ಆಸ್ತಿಯೋ ರಾಜಕೀಯವೋ ಬೇಕೇ ಬೇಕು ಅಂತ ನೀವು ತಿಳಿದಿದ್ದರೆ, ಬಲ್ಗೇರಿಯಾದ ರುಸೆ ಊರಿನ ಡೆಲ್ಕೊರ್ಟ್ ಅಭಿಮಾನಿ ಸಂಘವನ್ನು ನೀವು ನೋಡಿಲ್ಲ ಎಂದೇ ಅರ್ಥ. ಗೂಢಚಾರ ಡೆಲ್ಕೊರ್ಟನ ಸಿನಿಮಾಗಳು ಒಂದರ ಹಿಂದೊಂದು ಬರುತ್ತಲೇ ಇವೆ. ನಟ ಮುದುಕನಾದರೆ ಇನ್ನೊಬ್ಬನನ್ನು ತಂದು ನಿಲ್ಲಿಸುತ್ತಾರೆ, ಡೆಲ್ಕೊರ್ಟನಿಗೆ ಮಾತ್ರ ವಯಸ್ಸೇ ಆಗುವುದಿಲ್ಲ. ಅವರಲ್ಲಿ ನಿಜವಾದ ಡೆಲ್ಕೊರ್ಟ್ ಯಾರು ಅನ್ನುವ ಒಂದೇ ಪ್ರಶ್ನೆಗೆ ಈ ಸಂಘದಲ್ಲಿ ಮಾತು ಬಿಟ್ಟವರಿದ್ದಾರೆ, ಸ್ನೇಹಿತನ ಮಗಳ ಮದುವೆಗೆ ಹೋಗದೆ ಮನೆಯಲ್ಲಿ ಕೂತವರಿದ್ದಾರೆ.

ಸೆವ್ದಾ ಕರಜೋವಾ ಈ ಹುಚ್ಚರ ನಡುವೆ ಹೋಗಿ ಬಿದ್ದದ್ದು ಹಲ್ಲುನೋವಿನ ದೆಸೆಯಿಂದ. ಎಪ್ಪತ್ತು ದಾಟಿದ ಹೆಂಗಸು, ಒಂಟಿ ಜೀವ, ಹಡಗಿನವರ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಹಲ್ಲಿನ ಡಾಕ್ಟರ್ ಗಲಿನ್ ಬಾಯೊಳಗೆ ಕೊರೆಯುತ್ತಿದ್ದಾಗ ತಡೆಯಲಾರದೆ ಅವನ ಕೈ ತಳ್ಳಿ, "ಸಾಕು ಮಾರಾಯ, ಜೀವ ಹೋಗ್ತಿದೆ!" ಅಂದಳು. ಅಷ್ಟೇ. ಡಾಕ್ಟರ್ ಕಲ್ಲಾಗಿ ನಿಂತುಬಿಟ್ಟ.

"ಇನ್ನೊಂದ್ಸಲ ಹೇಳಿ."

"ಏನು? ಜೀವ ಹೋಗ್ತಿದೆ ಅಂತಲಾ?"

"ಅಯ್ಯೋ ದೇವರೇ, ಟೇಪಿನ ಚಿಕ್ಕಮ್ಮ! ನೀವೇ ಅಲ್ವಾ?"

ಅವಳೇ. ಆಗಿನ ಕಾಲದಲ್ಲಿ ಊರಿನ ವಿಡಿಯೊ ಹಾಲಿನಲ್ಲಿ ಪರದೇಶದ ಸಿನಿಮಾ ಹಾಕುತ್ತಿದ್ದರು. ಒಂದು ಮೂಲೆಯಲ್ಲಿ ಸೆವ್ದಾ ಮೈಕ್ ಹಿಡಿದು ಕೂತು, ಇಂಗ್ಲಿಷಿನಲ್ಲಿ ಕೇಳಿದ್ದನ್ನು ಕೇಳಿದ ಹಾಗೆಯೇ ಬಲ್ಗೇರಿಯನ್ನಿನಲ್ಲಿ ಹೇಳುತ್ತ ಹೋಗಬೇಕು. ನಾಯಕನೂ ಅವಳೇ, ಖಳನೂ ಅವಳೇ, ನಾಯಕಿಯೂ ಅವಳೇ. ನಾಯಿ ಮಾತ್ರ ತಾನೇ ಬೊಗಳಿಕೊಳ್ಳುತ್ತಿತ್ತು. ಹಾಲಿನ ಯಜಮಾನ ಅದನ್ನೆಲ್ಲ ಟೇಪಿಗೆ ಇಳಿಸಿ ಮಾರಿದ. ಆ ಟೇಪುಗಳು ಕೈಯಿಂದ ಕೈಗೆ, ಊರಿಂದ ಊರಿಗೆ ಹೋದವು. ಒಂದು ಪೀಳಿಗೆಯ ಹುಡುಗರಿಗೆ ಡೆಲ್ಕೊರ್ಟನ ಗಂಟಲು ಅಂದರೆ ಈ ಟೀಚರಮ್ಮನ ಗಂಟಲೇ.

ಗಲಿನ್ ಹಲ್ಲಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಭಾನುವಾರ ಮಧ್ಯಾಹ್ನ ಸಂಘದ ಊಟಕ್ಕೆ ಬರಲೇಬೇಕು ಅಂತ ಗಂಟು ಬಿದ್ದ. ಹಳೇ ವಿಡಿಯೊ ಹಾಲಿನ ಗೋಡೆಗೆ, ಅಂದರೆ ಈಗಿನ ಟೈಲ್ಸ್ ಅಂಗಡಿಯ ಗೋಡೆಗೆ, ಸಂಘದ ವತಿಯಿಂದ ಒಂದು ಹಿತ್ತಾಳೆ ಫಲಕ ಹಾಕುತ್ತಾರಂತೆ. ಸೆವ್ದಾಗೆ ಒಳಗೊಳಗೇ ಖುಷಿಯಾಯಿತು, ಯಾಕೆ ಸುಳ್ಳು ಹೇಳಬೇಕು. ಅವಳನ್ನು ಯಾರಾದರೂ ಊಟಕ್ಕೆ ಕರೆದು ಎಷ್ಟು ಕಾಲವಾಗಿತ್ತೋ.

ಹೋಟೆಲಿನ ಹಿಂದಿನ ಕೋಣೆಗೆ ಕಾಲಿಟ್ಟಾಗ ಜಗಳ ಆಗಲೇ ಕುದಿಯುತ್ತಿತ್ತು. ಗಲಿನ್ ಮೊದಲನೇ ನಟನ ಪಕ್ಷದ ಮುಖಂಡ. ಎದುರಿಗೆ ಮೂರನೆಯವನ ಪಕ್ಷದ ಯಾವೋರ್. ಬಂದರಿನಲ್ಲಿ ಕ್ರೇನ್ ಓಡಿಸುವ ದಪ್ಪನೆಯ ಆಳು, ಬಾಯಿ ತೆರೆದರೆ ಗಾಜು ಅದುರಬೇಕು.

"ನಿಮ್ಮವನು ಓಡಿದ್ದನ್ನ ನೋಡಿದೀಯೇನೋ?" ಅಂತ ಯಾವೋರ್ ಕೂಗುತ್ತಿದ್ದ. "ಬಸ್ಸು ತಪ್ಪಿಸ್ಕೊಂಡ ಗುಮಾಸ್ತ ಓಡಿದಂಗೆ ಓಡ್ತಾನೆ! ನಮ್ಮವನು ರೈಲಿನ ಮೇಲೆ ನಿಂತ ಅಂದ್ರೆ ರೈಲೇ ಹೆದರ್ಕೊಳ್ಳುತ್ತೆ."

"ನಿಮ್ಮವನಿಗೆ ಮುಖದಲ್ಲಿ ಒಂದು ಭಾವ ತೋರ್ಸೋಕೆ ಹೇಳು ನೋಡೋಣ. ಕಲ್ಲು!"

"ಐದನೆಯವನಿಗಿಂತ ವಾಸಿ ಬಿಡಪ್ಪಾ," ಅಂತ ಇನ್ಯಾರೋ ಬಾಯಿ ಹಾಕಿದ. "ಅವನು ಹಲ್ಲುಪುಡಿ ಜಾಹೀರಾತಿಗೆ ಬಂದು ದಾರಿ ತಪ್ಪಿ ಸಿನಿಮಾಕ್ಕೆ ಹೋದೋನು."

"ಈಗಿನವನೋ? ಅಳುಬುರುಕ! ಗುಂಡು ಹಾರಿಸೋಕೆ ಮುಂಚೆ ಅಳ್ತಾನೆ, ಹಾರಿಸಿದ ಮೇಲೂ ಅಳ್ತಾನೆ."

ಗಲಿನ್ ಎದ್ದು ನಿಂತು ಕೋಟಿನ ಗುಂಡಿ ಬಿಚ್ಚಿದ. ಒಳಗಿನ ಅಂಗಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: *ಹೋಗೋನು ಹೋಗಲಿ. ಕಾಯೋದು ಹೇಗೆ ಅಂತ ಮಾತ್ರ ನನಗೆ ಹೇಳಿಕೊಡಬೇಡಿ.*

"ಎರಡನೇ ಸಿನಿಮಾದ ಕೊನೇ ದೃಶ್ಯ," ಅಂದ. "ಪ್ರಾಣಸ್ನೇಹಿತ ಮೋಸ ಮಾಡಿ ಹಿಮದೊಳಗೆ ನಡ್ಕೊಂಡು ಹೋಗ್ತಾನೆ. ಡೆಲ್ಕೊರ್ಟ್ ನಮಗೆ ಬೆನ್ನು ತೋರಿಸಿ ನಿಂತು ಈ ಮಾತು ಹೇಳ್ತಾನೆ. ಇಂಥ ಒಂದು ಮಾತು ನಿಮ್ಮ ಮೂರನೆಯವನ ಬಾಯಲ್ಲಿ ಬಂದಿದೆಯಾ? ಎದೆ ಇದ್ದ ಡೆಲ್ಕೊರ್ಟ್ ಒಬ್ಬನೇ ಕಣಯ್ಯ!"

ಮೇಜಿನ ಅರ್ಧ ಜನ ಚಪ್ಪಾಳೆ ತಟ್ಟಿದರು. ಫಲಕದ ಮೇಲೂ ಅದೇ ಮಾತು, ಕೆಳಗೆ ಡೆಲ್ಕೊರ್ಟನ ಹೆಸರು. ಬಟ್ಟೆ ಸರಿಸಿ ತೋರಿಸಿದರು. ಡಿವಿಡಿ ಬಂದಾಗ ಅದರ ಅಡಿಬರಹದಲ್ಲಿ ಈ ಮಾತೇ ಇರಲಿಲ್ಲವಂತೆ, ಏನೋ ಬಾಗಿಲು, ಚಳಿ ಅಂತ ಇತ್ತಂತೆ. ಚಿತ್ರವನ್ನು ಕೆಡಿಸಿದ್ದೀರಿ ಅಂತ ಸಂಘದವರು ಕಂಪನಿಗೆ ಬೈದು ಬರೆದಿದ್ದರಂತೆ. ಸಿನಿಮಾ ಸುಳ್ಳಾಡಬಹುದು, ಟೇಪು ಸುಳ್ಳಾಡೋದಿಲ್ಲ ಅನ್ನುವುದು ಇವರ ನಂಬಿಕೆ.

ಸೆವ್ದಾ ಫಲಕವನ್ನು ಇನ್ನೊಂದು ಸಲ ಓದಿದಳು.

ಅವಳ ಗಂಡ ಲ್ಯೂಬೆನ್ ಸರಕು ದೋಣಿಯಲ್ಲಿ ಮೆಕ್ಯಾನಿಕ್. ಡ್ಯಾನ್ಯೂಬ್ ನದಿಯಲ್ಲಿ ಮೇಲಕ್ಕೆ ಹೋದವನು ವಿಯೆನ್ನಾದಲ್ಲಿ ಸಿಗರೇಟು ತರುತ್ತೇನೆ ಅಂತ ಇಳಿದು ವಾಪಸ್ ಬರಲಿಲ್ಲ. ಕಮ್ಯುನಿಸ್ಟರ ಆ ಕಾಲದಲ್ಲಿ ದೇಶ ಬಿಟ್ಟು ಓಡುವುದೇ ಅಪರಾಧ, ಆಮೇಲೆ ಇವಳನ್ನು ಗುಪ್ತ ಪೊಲೀಸರ ಕಚೇರಿಗೆ ಕರೆಸಿದ್ದೇ ಕರೆಸಿದ್ದು. ನಿನಗೆ ಗೊತ್ತಿರಲಿಲ್ವಾ, ಕಾಗದ ಬಂತಾ, ಯಾರು ಸಹಾಯ ಮಾಡಿದ್ದು. ಕೊನೆಗೊಂದು ದಿನ ಅಲ್ಲಿಯ ಅಧಿಕಾರಿ ಬಲು ದಯೆಯಿಂದ ಅವಳ ಭುಜ ತಟ್ಟಿ, ಕಾಯೋದನ್ನ ಕಲ್ತುಕೊಳ್ಳಮ್ಮ, ಹೆಂಡತಿ ಆದವಳ ಕೆಲಸವೇ ಅದು ಅಂದಿದ್ದ. ಬಾಯಿ ಬಿಟ್ಟು ಉತ್ತರ ಕೊಡುವ ಕಾಲವೇ ಅದು? ಹಲ್ಲು ಕಚ್ಚಿಕೊಂಡು ಎದ್ದು ಬಂದು, ನೆಟ್ಟಗೆ ವಿಡಿಯೊ ಹಾಲಿನ ಮೈಕಿನ ಮುಂದೆ ಕೂತಿದ್ದಳು.

ಪರದೆಯ ಮೇಲೆ ಡೆಲ್ಕೊರ್ಟ್ ಬೆನ್ನು ತಿರುಗಿಸಿ ನಿಂತಿದ್ದ. ಅವನು ನಿಜಕ್ಕೂ ಅಂದದ್ದು ಇಷ್ಟೇ: "ಬಾಗಿಲು ಹಾಕಿ, ಚಳಿ ಬರ್ತಿದೆ." ಸೆವ್ದಾಗೆ ಅದು ಚೆನ್ನಾಗಿಯೇ ಕೇಳಿಸಿತ್ತು. ಆದರೆ ಬಾಯಿಂದ ಬಂದದ್ದು ಬೇರೆ. ಕಚೇರಿಯಲ್ಲಿ ನುಂಗಿಕೊಂಡ ಉತ್ತರ ಮೈಕಿನೊಳಕ್ಕೆ ಬಿದ್ದುಹೋಯಿತು. ಕತ್ತಲಲ್ಲಿ ಯಾರೋ ಮೂಗು ಸೀಟಿಕೊಂಡರು. ಗಂಡ ಬಿಟ್ಟುಹೋದ ವಿಚಾರವಾಗಿ ಅವಳು ಲೋಕಕ್ಕೆ ಹೇಳಿದ್ದು ಅದೊಂದೇ ಮಾತು, ಆಮೇಲೆ ಇವತ್ತಿನವರೆಗೂ ಅವಳು ಬಾಯಿ ಬಿಟ್ಟಿರಲಿಲ್ಲ. ಲ್ಯೂಬೆನ್ ವಿಯೆನ್ನಾದಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡ.

ಈಗ ಅದು ಹಿತ್ತಾಳೆಯಲ್ಲಿ ಹೊಳೆಯುತ್ತಿದೆ, ಇನ್ನೊಬ್ಬನ ಹೆಸರಲ್ಲಿ. ಸೆವ್ದಾಗೆ ಅದು ಬೇಕು ಅನಿಸಿತು. ಬೇರೆ ಏನೂ ಬೇಡ, ಅದು ತನ್ನದು ಅಂತ ಗೋಡೆಯ ಮೇಲೆ ಇರಬೇಕು.

"ಗಲಿನ್, ಅದರ ಕೆಳಗೆ ನನ್ನ ಹೆಸರು ಹಾಕಪ್ಪಾ," ಅಂದಳು. "ಸಣ್ಣಕ್ಷರದಲ್ಲಾದರೂ ಸರಿ."

"ಅದಕ್ಕೇನು ಚಿಕ್ಕಮ್ಮ! ಧ್ವನಿ: ಸೆವ್ದಾ ಕರಜೋವಾ ಅಂತ..."

"ಧ್ವನಿ ಅಲ್ಲ. ಮಾತು. ಡೆಲ್ಕೊರ್ಟ್ ಅದನ್ನ ಹೇಳೇ ಇಲ್ಲ. ನಾನು ಹೇಳಿದ್ದು."

ಸೆವ್ದಾ ಎಲ್ಲವನ್ನೂ ಹೇಳಿದಳು: ದೋಣಿ, ಕಚೇರಿ, ಭುಜ ತಟ್ಟಿದ ಕೈ, ಬಾಗಿಲು, ಚಳಿ. ಹೇಳುತ್ತ ಹೇಳುತ್ತ ಎದೆ ಹಗುರಾಯಿತು. ಇವರಿಗಿಂತ ಚೆನ್ನಾಗಿ ಇದನ್ನು ಅರ್ಥಮಾಡಿಕೊಳ್ಳುವವರು ಯಾರಿದ್ದಾರೆ ಅಂತಲೂ ಅನಿಸಿತು. ಆ ಮಾತನ್ನು ಅಂಗಿಯ ಮೇಲೆ ಬರೆಸಿಕೊಂಡವರಲ್ಲವೇ!

ಮೊದಲು ನಕ್ಕವನು ಯಾವೋರ್. ಹೊಟ್ಟೆ ಹಿಡಿದುಕೊಂಡು ನಕ್ಕ. "ಬಾಗಿಲು ಹಾಕಿ! ಕೇಳಿದ್ರೇನ್ರೋ? ನಿಮ್ಮ ಎದೆಯಿರೋ ಡೆಲ್ಕೊರ್ಟ್ ಅಂದಿದ್ದು ಬಾಗಿಲು ಹಾಕಿ ಅಂತ! ಅಡಿಬರಹ ಸರಿ ಇದೆ ಅಂತ ನಾನು ಬಡ್ಕೊಂಡಾಗ ನನ್ನನ್ನ ಹುಚ್ಚ ಅಂದ್ರಲ್ಲೋ. ಚಿಕ್ಕಮ್ಮ, ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು!"

"ಸುಮ್ನಿರೋ!" ಅಂತ ಗಲಿನ್ ಗದರಿದ. ಅವನ ಮುಖ ಸುಣ್ಣದ ಹಾಗಾಗಿತ್ತು. "ನಮ್ಮಪ್ಪನ ಗೋರಿ ಮೇಲೆ ಇದನ್ನೇ ಕೆತ್ತಿಸಿದೀನಿ ಚಿಕ್ಕಮ್ಮ. ಇದನ್ನೇ."

"ಕೆತ್ತಿಸಿದ್ದು ಒಳ್ಳೇದೇ ಆಯ್ತಲ್ಲಪ್ಪ. ಮಾತು ಬದಲಾಗಿಲ್ಲವಲ್ಲ."

"ಬದಲಾಗಿಲ್ವಾ? ನಾನು ಬರೆಸಿದ್ದು ಡೆಲ್ಕೊರ್ಟನ ಮಾತು."

ಮೇಜಿನ ಆ ತುದಿಯಲ್ಲಿ ಯಾರೋ ರಕಿಯಾ ಸಾರಾಯಿಯ ಲೋಟ ಕೆಳಗಿಟ್ಟು, ಮೆಲ್ಲಗೆ ಹೇಳಿದ್ದೇನೆ ಅಂದುಕೊಂಡು ಜೋರಾಗಿಯೇ ಹೇಳಿದ: "ಅಂದ್ರೆ ಇಷ್ಟು ವರ್ಷ ನಾವು ಗಂಡ ಬಿಟ್ಟೋದ ಹೆಂಗಸಿನ ಗೋಳನ್ನ ಅಂಗಿ ಮೇಲೆ ಹಾಕ್ಕೊಂಡು ತಿರುಗಿದ್ವಾ?"

ಸೆವ್ದಾ ಅವನನ್ನು ನೋಡಿದಳು. ಬೆಳ್ಳಗಾದ ಮೀಸೆ, ಎದೆಯ ಮೇಲೆ ಅದೇ ಸಾಲು. ಅವನು ಕೋಟು ಎಳೆದು ಅದನ್ನು ಮುಚ್ಚಿಕೊಂಡ.

ಯಾವೋರ್ ಬಿಡುವ ಆಸಾಮಿಯೇ? ಬಿಸಿ ಇರುವಾಗಲೇ ತಟ್ಟಿದ. ಇನ್ನು ಫಲಕದ ಮೇಲೆ ಯಾರು ಅಂತ ಕೈ ಎತ್ತಿ ಅಂದ. ಮೊದಲನೆಯವನ ಪಕ್ಷದಲ್ಲಿ ಉಳಿದದ್ದು ಗಲಿನ್ ಮತ್ತು ಅವನ ಷಡ್ಡಕ. ಮೂರನೆಯವನು ಗೆದ್ದ. ಷಡ್ಡಕನೂ ಕೊನೆಗೆ ಕೈ ಎತ್ತಿಬಿಟ್ಟ.

"ಮತ್ತೆ ನನ್ನ ಮಾತು?" ಅಂತ ಸೆವ್ದಾ ಕೇಳಿದಳು.

ಯಾವೋರ್ ಅವಳ ಪಕ್ಕದಲ್ಲಿ ಕುರ್ಚಿ ಎಳೆದು ಕೂತ. ಕೆಟ್ಟವನಲ್ಲ ಅವನು, ಅವಳ ತಟ್ಟೆಗೆ ಚೀಸು ತುಂಬಿದ ಬಾನಿತ್ಸಾ ಕಡುಬಿನ ಇನ್ನೊಂದು ತುಂಡು ಬಡಿಸಿದ. "ನೋಡಿ ಚಿಕ್ಕಮ್ಮ, ಇದು ಡೆಲ್ಕೊರ್ಟ್ ಫಲಕ. ಡೆಲ್ಕೊರ್ಟ್ ಹೇಳದೇ ಇರೋ ಮಾತನ್ನ ಅದರ ಮೇಲೆ ಹಾಕೋಕೆ ಬರಲ್ಲ. ಅವನು ಹೇಳಿಲ್ಲ ಅಂತ ನೀವೇ ತಾನೇ ಅಂದಿದ್ದು?"

"ಅದೇ ಮಾತಿಗೆ ಈಗಷ್ಟೇ ಚಪ್ಪಾಳೆ ಹೊಡೆದ್ರಲ್ಲೋ!"

"ಆಗ ಅದು ಅವನದ್ದಾಗಿತ್ತಲ್ಲ."

ಇಂಗ್ಲಿಷಿನವನ ಬಾಯಲ್ಲಿದ್ದಾಗ ಎದೆ ಸೀಳುವ ಮಾತು, ಓಣಿಯಾಚೆಯ ಟೀಚರಮ್ಮನದು ಅಂತ ಗೊತ್ತಾದ ಕೂಡಲೇ ಗೋಳು. ಸೆವ್ದಾ ಎದ್ದಳು. "ಮೀಸೆ ಹೊತ್ತ ಚಿಳ್ಳೆಪಿಳ್ಳೆಗಳಾ, ನನ್ನ ಗಂಟಲಿಲ್ಲದಿದ್ದರೆ ನಿಮ್ಮ ಡೆಲ್ಕೊರ್ಟ್ ಮೂಗ ಕಣ್ರೋ!" ಅಂದು ಚೀಲ ಎತ್ತಿಕೊಂಡು ಹೊರಟುಹೋದಳು. ಬಾನಿತ್ಸಾ ತಟ್ಟೆಯಲ್ಲೇ ಉಳಿಯಿತು.

ಮುಂದಿನ ಭಾನುವಾರ ಗಲಿನ್ ಫೋನ್ ಮಾಡಿದ. ಫಲಕ ಹಾಕ್ತಿದೀವಿ, ನೀವು ಬರದಿದ್ದರೆ ಚೆನ್ನಾಗಿರಲ್ಲ ಅಂದ. ಹೋಗಬಾರದಿತ್ತು, ಅವಳಿಗೂ ಗೊತ್ತಿತ್ತು. ಆದರೆ ಆಸೆ ಅನ್ನುವುದು ಮಾನಗೆಟ್ಟದ್ದು. ಬೇರೆಲ್ಲಾದರೂ, ಒಂದು ಅಂಚಿನಲ್ಲಾದರೂ ಹಾಕಿದ್ದಾರೇನೋ ಅಂತ ತಲೆ ಬಾಚಿ, ಒಳ್ಳೆಯ ಕೋಟು ಹಾಕಿಕೊಂಡು ಹೋದಳು.

ಟೈಲ್ಸ್ ಅಂಗಡಿಯ ಮುಂದೆ ಸಂಘದವರು ಸೇರಿದ್ದರು. ಯಾರ ಅಂಗಿಯ ಮೇಲೂ ಬರಹ ಇರಲಿಲ್ಲ. ಫಲಕದ ಮೇಲೆ ಮೂರನೆಯವನ ಮುಖ, ಕೈಯಲ್ಲಿ ಪಿಸ್ತೂಲು, ಕೆಳಗೆ ಹೆಸರು. ಬೇರೆ ಒಂದಕ್ಷರವೂ ಇಲ್ಲ. ಯಾವೋರ್ ಗೋಡೆಗೆ ತೂತು ಕೊರೆಯುತ್ತಿದ್ದ. ಫಲಕ ಹಿಡಿದು ನಿಂತಿದ್ದ ಗಲಿನ್‌ನ ಕೈಯಿಂದ ಒಂದು ಸ್ಕ್ರೂ ಜಾರಿ ಬಿತ್ತು.

"ಚಿಕ್ಕಮ್ಮ, ಒಂದು ನಿಮಿಷ ಹಿಡ್ಕೊಳ್ಳಿ."

ಹಿಡಿದಳು. ಭಾರವಾಗಿತ್ತು. ಕೆಳಗಿನಿಂದ ಆನಿಸಿಕೊಂಡಾಗ ಬೆರಳುಗಳು ಹಿಂಬದಿಗೆ ಹೋದವು, ಅಲ್ಲಿ ಹಿತ್ತಾಳೆ ನುಣುಪಾಗಿರಲಿಲ್ಲ. ಗೀರುಗಳು, ತಿರುವುಗಳು. ಬೆರಳಾಡಿಸಿದಳು. ಅಕ್ಷರಗಳು. ಒಂದು ಸಾಲಿನ ಕೊನೆಯಲ್ಲಿ 'ಹೇಳಿಕೊಡಬೇಡಿ' ಅನ್ನುವುದು ಬೆರಳ ತುದಿಗೆ ಸಿಕ್ಕಿತು.

"ಹೊಸ ಹಿತ್ತಾಳೆ ಯಾಕೆ ದಂಡ ಅಂತ ಹಿಂದಿನ ಮಗ್ಗುಲಲ್ಲೇ ಕೆತ್ತಿಸಿದ್ವಿ," ಅಂದ ಗಲಿನ್, ಸ್ಕ್ರೂ ಹೆಕ್ಕಿಕೊಂಡು ಎದ್ದವನು. ಅವಳ ಮುಖ ನೋಡಲಿಲ್ಲ. "ಸುಮ್ಮನಿದ್ದಿದ್ರೆ ಇವತ್ತು ಆ ಮಾತು ಎಲ್ಲರ ಕಣ್ಣಿಗೂ ಕಾಣ್ತಿತ್ತು ಚಿಕ್ಕಮ್ಮ. ಇಷ್ಟು ವರ್ಷ ಸುಮ್ಮನಿದ್ರಿ, ಈಗ್ಯಾಕೆ ಬಾಯಿ ಬಿಟ್ರಿ?"

ಫಲಕವನ್ನು ಅವನ ಕಾಲಿನ ಮೇಲೆ ಎತ್ತಿಹಾಕಬೇಕು ಅನಿಸಿತು ಅವಳಿಗೆ. ಕೈಗಳು ಹಾಕಲಿಲ್ಲ, ಗಟ್ಟಿಯಾಗಿ ಹಿಡಿದುಕೊಂಡೇ ಇದ್ದವು. ಯಾವೋರ್ ಮೇಲಿನ ಎರಡು ಸ್ಕ್ರೂ ಬಿಗಿದು ಫಲಕವನ್ನು ಗೋಡೆಗೆ ಒತ್ತಿದ.

"ಕೈ ತೆಗೀರಿ ಚಿಕ್ಕಮ್ಮ, ಬೆರಳು ಸಿಕ್ಕಿಕೊಳ್ಳುತ್ತೆ."

ಸೆವ್ದಾ ಕೈ ತೆಗೆದಳು.