ರಾಗಿ ಹರಡಿದ ಮೈದಾನದಲ್ಲಿ ವನಿತಾಳ ಪಾಠ

ಸುಗ್ಗಿ ಬಂದರೆ ನಮ್ಮೂರಿನಲ್ಲಿ ಒಂದೇ ಜಗಳ: ರಾಗಿ ಒಕ್ಕುವುದು ಎಲ್ಲಿ? ಊರ ಮುಂದಿನ ಕಣಗಳೆಲ್ಲ ಸೈಟುಗಳಾಗಿ ಮಾರಿಹೋಗಿವೆ. ಕೆಲವರು ಬಂಗಾರಪೇಟೆ ರಸ್ತೆಗೇ ತೆನೆ ಹರಡಿ, ಬಸ್ಸು ಲಾರಿ ತುಳಿದು ಒಕ್ಕಲಿ ಎಂದು ಬೀಡಿ ಹಚ್ಚಿ ಕೂರುತ್ತಾರೆ. ನಮ್ಮೂರ ರೈತ ಆಂಜಿನಪ್ಪ ಇವರೆಲ್ಲರಿಗಿಂತ ಜಾಣ. ಸರ್ಕಾರಿ ಶಾಲೆಯ ಮೈದಾನಕ್ಕೇ ಹರಡಿಬಿಟ್ಟ.

ಯಾರೂ ಕೇಳಲಿಲ್ಲ. ಕೇಳುವುದಾದರೂ ಯಾರು? ಆ ಶಾಲೆಯ ಪಿ.ಟಿ. ಮೇಷ್ಟ್ರು ನಿವೃತ್ತರಾಗಿ ವರ್ಷಗಳೇ ಕಳೆದಿವೆ. ಬದಲಿಗೆ ಯಾರನ್ನೂ ಕಳಿಸಿಲ್ಲ. ಟೈಂಟೇಬಲ್ಲಿನಲ್ಲಿ ಆಟದ ಪೀರಿಯಡ್ ಇದೆ, ಆ ಹೊತ್ತಿಗೆ ಗಣಿತ ನಡೆಯುತ್ತದೆ. ಬಡವರ ಮಕ್ಕಳಿಗೆ ಆಟವೂ ಒಂದು ವಿದ್ಯೆ ಎಂದು ಮೇಲೆ ಕೂತವರಿಗೆ ಅನ್ನಿಸಿಯೇ ಇಲ್ಲ.

ಕೇಳುವವಳು ಕೊನೆಗೆ ಆಂಜಿನಪ್ಪನ ಮನೆಯಿಂದಲೇ ಬಂದಳು. ಅವನ ಮಗಳು ವನಿತಾ. ಡಿಗ್ರಿ ಮುಗಿಸಿ, ಹಟ ಮಾಡಿ ಬಿ.ಪಿ.ಇಡಿ. ಸೇರಿದ್ದಳು. ದೈಹಿಕ ಶಿಕ್ಷಕಿ ಆಗುವ ಎರಡು ವರ್ಷದ ತರಬೇತಿ ಅದು. ಮಕ್ಕಳಿಗೆ ಪಾಠ ಮಾಡಿ ಅಭ್ಯಾಸ ಮಾಡಿಕೊಳ್ಳಲು ಈಗ ತನ್ನೂರಿನ ಶಾಲೆಗೇ ಬಂದಿದ್ದಳು.

“ಅಪ್ಪಾ, ನಾಳೆ ನಮ್ ಕಾಲೇಜ್ ಮೇಡಂ ಬತ್ತಾರೆ, ನನ್ ಪಾಠ ನೋಡಾಕೆ. ರಾಗಿ ಎತ್ತು.”

“ಕುಂಟೆಬಿಲ್ಲೆ ಆಡ್ಸಾದ್ಕೆ ಪಾಠ ಅಂತ ಎಸ್ರು! ಡಿಗ್ರಿ ಓದ್ಸಿದ್ದು ಸೀಟಿ ಊದಾಕಾ? ಈ ತಿಂಗ್ಳಿಗೆ ಸಾಕು ಕಣಮ್ಮಿ. ಪಕ್ಕದ್ಮನೆ ಸೀನಪ್ಪನ ಮಗಳಂಗೆ ನೀನೂ ಕಂಪನಿ ವ್ಯಾನ್ ಅತ್ತಿ ಫ್ಯಾಕ್ಟ್ರಿ ಕೆಲ್ಸಕ್ಕೋಗು.”

ತಾಯಿ ಪಾಪಕ್ಕ ಹಾಲು ಕರೆಯುತ್ತಿದ್ದವಳು ಅಲ್ಲಿಂದಲೇ ಕೂಗಿದಳು. “ಏನಯ್ಯಾ, ಉಳುಕು ತೆಗೆಯಾಕೆ ನೀನ್ಯಾವ ಕಾಲೇಜ್ಗೆ ಓಗಿದ್ದೆ? ಅದ್ಕೇ ಕಾಲೇಜು ಅಂದ್ರೆ ಉರೀತದೆ ನಿಂಗೆ.”

ಆಂಜಿನಪ್ಪ ಹುಟ್ಟುವಾಗ ಕಾಲು ಮುಂದಾಗಿ ಬಂದವನು. ಹಾಗೆ ಹುಟ್ಟಿದವರ ಕೈಗುಣಕ್ಕೆ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಯಾರ ಕಾಲು ಹೊರಳಿದರೂ ಅವನಿಗೇ ಕರೆ. ಎಣ್ಣೆ ಹಚ್ಚಿ, ನೀವಿ, ಒಂದು ಸಲ ಎಳೆದುಬಿಡುತ್ತಿದ್ದ. ನೋವು ಇಳಿದವರು ಹೊಗಳಿದರು. ಇಳಿಯದವರು ತಮ್ಮ ಗ್ರಹಚಾರ ಅಂದುಕೊಂಡರು.

ಬೆಳಗಾಗುತ್ತಲೇ ವನಿತಾಳ ಕಾಲೇಜಿನ ರಾಧಾಮಣಿ ಮೇಡಂ ಬಂದರು. ಊರಿಗಾಂನಲ್ಲಿ, ಚಿನ್ನದ ಗಣಿ ಕೆಲಸಗಾರರ ಸಾಲುಮನೆಗಳಾದ ‘ಲೈನ್’ನಲ್ಲಿ ಬೆಳೆದವರು. ಮಾರಿಕುಪ್ಪಂ ಟ್ರೈನಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದಿದ್ದರು. ಮೈದಾನ ನೋಡಿ ಜೋರಾಗಿ ನಕ್ಕರು.

“ಅಣ್ಣಾ, ನಿಮ್ ರಾಗೀನೂ ಪಿ.ಟಿ. ಕ್ಲಾಸ್ಗೆ ಬಂದೈತಾ? ಅಟೆಂಡೆನ್ಸ್ ಹಾಕ್ಲಾ?”

“ಖಾಲಿ ಬಿದ್ದಿತ್ತು ಮೇಡಮ್ಮೋರೆ. ಯಾರೂ ಆಡಾಕಿಲ್ಲ.”

“ಆಡ್ಸೋರಿಲ್ಲ ಅಣ್ಣಾ, ಅದಕ್ಕೇ ಖಾಲಿ. ನಮ್ ಲೈನಲ್ಲೂ ಅಷ್ಟೇ. ಎಂಥೆಂಥಾ ಫುಟ್ಬಾಲ್ ಹುಡುಗ್ರಿದ್ರು ಗೊತ್ತಾ? ಕಲ್ಸೋರಿಲ್ಲದೆ ಹೌಸ್ ಕೀಪಿಂಗ್ ಕೆಲ್ಸಕ್ಕೆ ಬೆಂಗಳೂರ್ ಟ್ರೈನ್ ಹತ್ತಿದ್ರು.”

ಆಂಜಿನಪ್ಪ ಗೊಣಗುತ್ತಲೇ ಅರ್ಧ ಮೈದಾನದ ರಾಗಿ ಸರಿಸಿದ. ಉಳಿದ ಅರ್ಧಕ್ಕೆ ಕಾವಲು ಕೂತ.

ಪಾಠ ಶುರುವಾಯಿತು. ಎಂಟನೇ ಕ್ಲಾಸಿನ ಚಂದನ ಯಾವತ್ತಿನಂತೆ ಗೋಡೆಗೆ ಒರಗಿದ್ದಳು.

“ನಂಗೆ ಓಡಾಕ್ ಬರಲ್ಲ ಮಿಸ್.”

“ಓಡು ಅಂತ ಯಾರಂದ್ರು? ಈ ಗೆರೆಯಿಂದ ಆ ಗೆರೆಗೆ ನೆಗಿ, ಸಾಕು.”

ವನಿತಾ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದಳು. ಮೊದಲು ಮೈ ಬಿಸಿ ಮಾಡಿಸಿದಳು. ಆಮೇಲೆ ನೆಗೆತ, ಆಮೇಲೆ ಖೋಖೋ. ನೋಡನೋಡುತ್ತಲೇ ಚಂದನ ಗಾಳಿಗೆ ಬಿಟ್ಟ ಪಟದಂತೆ ಹಾರತೊಡಗಿದಳು. ಆಂಜಿನಪ್ಪ ರಾಗಿ ಮರೆತು ಎದ್ದು ನಿಂತ.

“ಏಯ್ ಚಂದನಾ! ಇಂದಕ್ಕೆ ತಿರುಗಿದ್ಯಲ್ಲೇ! ಫೌಲು! ಮೇಡಮ್ಮೋರೆ, ಫೌಲು!”

“ನೀವೂ ಬರ್ತೀರಾ ಅಣ್ಣಾ ಬಿ.ಪಿ.ಇಡಿ.ಗೆ? ಸೀಟ್ ಕೇಳ್ಲಾ?”

ಮಕ್ಕಳೆಲ್ಲ ಕೇಕೆ ಹಾಕಿದರು. ಅದೇ ಗಳಿಗೆಯಲ್ಲಿ ಚಂದನಳ ಕಾಲು ಗೆರೆ ದಾಟಿ ರಾಗಿ ಕಾಳಿನ ಮೇಲೆ ಬಿತ್ತು. ಜಾರಿ ಬಿದ್ದಳು. ಪಾದದ ಗಿಣ್ಣು ಹಿಡಿದು ಚೀರಿದಳು.

ಆಂಜಿನಪ್ಪ ಅಂಗಿಯ ತೋಳು ಮಡಿಸುತ್ತ ಓಡಿಬಂದ. “ಅಳಬ್ಯಾಡ ಕಣಮ್ಮಿ, ನಾನಿವ್ನಿ. ಒಂದೇ ಎಳ್ತ.”

“ಅಪ್ಪಾ, ಮುಟ್ಬ್ಯಾಡ.”

“ಏನಂದೆ?”

“ಮುಟ್ಬ್ಯಾಡ ಅಂದೆ. ಇದು ನನ್ ಕ್ಲಾಸು.”

ಮಗಳು ಅವನೊಂದಿಗೆ ಹಾಗೆ ಮಾತಾಡಿದ್ದು ಅದೇ ಮೊದಲು. ಅವನ ಕೈ ಅಲ್ಲೇ ನಿಂತಿತು. ರಾಧಾಮಣಿ ಮಕ್ಕಳನ್ನು ದೂರ ಸರಿಸಿ ವನಿತಾಳಿಗೆ ಜಾಗ ಮಾಡಿಕೊಟ್ಟರು.

ವನಿತಾ ಚಂದನಳ ತಲೆ ನೇವರಿಸಿದಳು. ಬೆರಳು ಅಲ್ಲಾಡಿಸಲು ಹೇಳಿದಳು. ಅಂಗಡಿಯಿಂದ ಐಸ್ ತರಿಸಿ ಬಟ್ಟೆಯಲ್ಲಿ ಸುತ್ತಿ ಇಟ್ಟಳು. ಸುದ್ದಿ ಕೇಳಿ ಓಡಿಬಂದ ಪಾಪಕ್ಕ ತಂದುಕೊಟ್ಟ ಹಳೇ ಸೀರೆ ಹರಿದು, ದಪ್ಪ ರಟ್ಟನ್ನು ಆಸರೆ ಕೊಟ್ಟು, ಕಾಲು ಅಲುಗದಂತೆ ಕಟ್ಟಿದಳು. ಎಣ್ಣೆ ಇಲ್ಲ, ನೀವುವುದಿಲ್ಲ, ಎಳೆಯುವುದಿಲ್ಲ. ಚಂದನಳ ತಾಯಿಯನ್ನೂ ಕರೆದುಕೊಂಡು ಎಲ್ಲರೂ ಹಾಲಿನ ವ್ಯಾನಿನಲ್ಲಿ ಬಂಗಾರಪೇಟೆಯ ಸರ್ಕಾರಿ ಆಸ್ಪತ್ರೆಗೆ ಹೋದರು.

ಡಾಕ್ಟರು ಎಕ್ಸ್‌ರೇ ನೋಡಿದರು. “ಮೂಳೆ ಸಣ್ಣಗೆ ಸೀಳಿದೆ, ಕೂಡಿಕೊಳ್ಳುತ್ತೆ. ಯಾರಮ್ಮ ಇದನ್ನ ಕಟ್ಟಿದ್ದು? ಚೆನ್ನಾಗಿ ಕಟ್ಟಿದ್ದೀರಿ. ಯಾರಾದರೂ ಎಳೆದಿದ್ದರೆ ಮೂಳೆ ಜರುಗಿಬಿಡೋದು.”

ಆಂಜಿನಪ್ಪ ತನ್ನ ಎರಡೂ ಕೈಗಳನ್ನು ಪಂಚೆಯೊಳಗೆ ಮುಚ್ಚಿಕೊಂಡ.

ವಾಪಸ್ಸು ಬರುವಾಗ ಮೆಲ್ಲಗೆ ಕೇಳಿದ. “ಇದ್ನೂ ನಿಮ್ ಕಾಲೇಜ್ನಾಗೇ ಏಳ್ಕೊಡ್ತಾರಾ ಮೇಡಮ್ಮೋರೆ?”

“ಪ್ರಥಮ ಚಿಕಿತ್ಸೆ ಇದೆ ಅಣ್ಣಾ. ಮೂಳೆ, ಸ್ನಾಯು ಹೇಗೆ ಕೆಲ್ಸ ಮಾಡ್ತವೆ, ಯಾವ ವಯಸ್ಸಿನ ಮಗೂಗೆ ಯಾವ ವ್ಯಾಯಾಮ, ಯೋಗ, ಅಂಪೈರಿಂಗ್, ಹೆದರೋ ಮಗೂನ ಮೈದಾನಕ್ಕೆ ಹೇಗೆ ಕರೀಬೇಕು, ಎಲ್ಲಾ ಓದ್ಬೇಕು. ಬೆಳಗ್ಗೆ ಓಡ್ಬೇಕು, ಆಮೇಲೆ ಕೂತು ಓದ್ಬೇಕು. ಎರಡೂ ಇದೆ.”

“ಕೆಲ್ಸ ಸಿಕ್ತದಾ?”

“ಗ್ಯಾರಂಟಿ ಅಂತ ಸುಳ್ಳು ಹೇಳಲ್ಲ. ಖಾಸಗಿ ಶಾಲೇಲಿ ಕೇಳ್ಬಹುದು, ಸರ್ಕಾರಿ ಹುದ್ದೆ ಕರೆದಾಗ ಅರ್ಜಿ ಹಾಕ್ಬಹುದು. ನಿಮ್ಮೂರ ಹುದ್ದೇನೇ ಖಾಲಿ ಐತಲ್ಲಣ್ಣಾ. ತುಂಬ್ರಿ ಅಂತ ಯಾರು ಕೇಳ್ಬೇಕು? ನೀವೇ ಕೇಳ್ಬೇಕು.”

ಆಂಜಿನಪ್ಪ ಪಂಚೆಯೊಳಗಿಂದ ಕೈ ಹೊರತೆಗೆದ. ಆಮೇಲೆ ಮಗಳ ಕಡೆ ತಿರುಗಿದ. “ಮಗು ಜಾರಿದ್ದು ನನ್ ರಾಗಿ ಮ್ಯಾಲೆ. ನೀನು ಕಟ್ಟಿದ್ದೂ ನನ್ ಕಣ್ಮುಂದೇನೆ. ಕಂಪನಿ ವ್ಯಾನು ಬ್ಯಾಡಮ್ಮಿ. ಎರಡ್ ವರ್ಷಾನೂ ಮುಗ್ಸು.”

ಪಾಪಕ್ಕ ಬಿಡುತ್ತಾಳಾ? “ಅಂಗಾದ್ರೆ ಕಾಲು ಮುಂದಾಗಿ ಬಂದೋನ್ಗೆ ಬುದ್ಧಿ ಇಂದ್ಗಡೆಯಿಂದಾದ್ರೂ ಬಂತು!” ವ್ಯಾನ್ ಡ್ರೈವರ್ ಸಮೇತ ಎಲ್ಲರೂ ನಕ್ಕರು. ಕಾಲಿಗೆ ಬಿಳಿ ಪಟ್ಟಿ ಹಾಕಿಸಿಕೊಂಡ ಚಂದನ ಎಲ್ಲರಿಗಿಂತ ಜೋರಾಗಿ ನಕ್ಕಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಓಡುವ, ನೆಗೆಯುವ ಹುಡುಗಿ ಇದ್ದಾಳೆ. “ಗಂಡುಬೀರಿ” ಎಂದು ಬೈದು ಕೂರಿಸಬೇಡಿ. ಡಿಗ್ರಿ ಆದ ಮೇಲೆ ಬಿ.ಪಿ.ಇಡಿ. ಇದೆ ಎಂದು ಹೇಳಿ. ಸೇರಿಸುವ ಮೊದಲು ಕಾಲೇಜಿಗೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ವಿಚಾರಿಸಿ. ಪ್ರವೇಶಕ್ಕೆ ಮೈ ಕಸುವಿನ ಪರೀಕ್ಷೆ ಇರಬಹುದು. ಇವತ್ತಿನಿಂದಲೇ ಅಭ್ಯಾಸ ಮಾಡಲಿ. ಯಾರ ಕಾಲು ಹೊರಳಿದರೂ ಎಳೆಯಬೇಡಿ, ಆಸ್ಪತ್ರೆಗೆ ನಡೆಯಿರಿ.

ಇನ್ನೊಂದು ಮಾತು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಶಾಲೆಗೆ ದೈಹಿಕ ಶಿಕ್ಷಕರು ಯಾವಾಗ ಬರುತ್ತಾರೆ? ಉತ್ತರ ಸಿಗುವವರೆಗೂ ಕೂರಬೇಡಿ.