ಮಕ್ಕಳ ಪೆಟ್ಟಿಗೆ

"ಮೂರು ಜನ ಅಣ್ಣತಮ್ಮಂದಿರದ್ದು ಒಂದು ಫೋಟೋ ಉಂಟು. ಮೂವರದ್ದೂ ಒಂದೇ ನಮೂನೆಯ ಅಂಗಿ. ಅದು ಇದ್ದ ಫೋಟೋ ಕಟ್ಟು ಸಿಕ್ಕಿದ್ರೆ ಸಾಕು ನನಗೆ," ಎಂದರು ಜೂಲಿಯೆಟ್ ಬಾಯಿ.

ಆ ಫೋಟೋ ಎಲ್ಲಿದೆಯೆಂದು ವೆಂಕಟರಾಮು ಕಣ್ಣು ಮುಚ್ಚಿಕೊಂಡು ಹೇಳಬಲ್ಲ. 'ಗಂಡಸರು, ಗುಂಪು' ಎಂದು ಬರೆದ ಪೆಟ್ಟಿಗೆಯಲ್ಲಿದೆ. ಕಟ್ಟು ಮಾತ್ರ ಈಗ ಎಲ್ಲೂ ಇಲ್ಲ.

ಮೈಸೂರಿನ ಈ ಮನುಷ್ಯ ದೋಹಾದ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ಪುಸ್ತಕಗಳನ್ನು ವಿಷಯವಾರು ವಿಂಗಡಿಸುತ್ತಲೇ ತಲೆ ನರೆಸಿಕೊಂಡವನು. ಊರಂಚಿನ ಮುಐದರ್ ಬಡಾವಣೆಯ ಮನೆಯಲ್ಲಿ ಬೇಳೆ ಡಬ್ಬಗಳಿಗೂ ಚೀಟಿ ಅಂಟಿಸಿ ಹೆಂಡತಿಯಿಂದ ಬೈಸಿಕೊಂಡಿದ್ದ. ವರ್ಲ್ಡ್ ಕಪ್ ಹತ್ತಿರ ಬಂದಂತೆ, ಬರುವ ಅತಿಥಿಗಳಿಗೆ ಹಳೆಯ ದೋಹಾ ತೋರಿಸಬೇಕೆಂದು ಮೇಲಿನವರಿಗೆ ಹೊಳೆಯಿತು. ಅವನನ್ನು ಪುಸ್ತಕಗಳ ನಡುವಿನಿಂದ ಎಬ್ಬಿಸಿ ಹಳೆಯ ದಾಖಲೆಗಳ ವಿಭಾಗಕ್ಕೆ ಕಳಿಸಿದರು. ದೋಹಾ ಅಲ್ ಜದೀದಾ ಬಡಾವಣೆಯಲ್ಲಿ ಕೆಡವಲಿದ್ದ ಕಟ್ಟಡದಿಂದ ಜೂಲಿಯೆಟ್ ಬಾಯಿಯ ಗಂಡ, ಮಂಗಳೂರಿನ ಸೆಲೆಸ್ಟಿನ್ ಅವರ ಸ್ಟುಡಿಯೋದ ಸರಕು ಬಂದದ್ದು ಆಗಲೇ. ಎಲ್ಲವೂ ತೆಗೆಸಿಕೊಂಡವರು ಮತ್ತೆ ಬಂದು ಒಯ್ಯದ ಫೋಟೋಗಳು. ಒಂದೊಂದು ದಿನದ್ದನ್ನು ಒಟ್ಟಿಗೆ ಸೇರಿಸಿ ಸೆಣಬಿನ ದಾರದಿಂದ ಕಟ್ಟಿದ್ದರು. ಯಾವುದರ ಮೇಲೂ ಹೆಸರಿರಲಿಲ್ಲ.

ವಿಭಾಗದ ಜಾಹ್ನವಿ ಊರಿಗೆ ರಜೆಯಲ್ಲಿ ಹೋಗುವ ಮುಂಚೆ ಒಂದು ಮಾತು ಹೇಳಿದ್ದಳು. "ಬಂದ ಹಾಗೇ ಇರ್ಲಿ ಸರ್. ಯಾವುದರ ಜೊತೆ ಯಾವುದಿತ್ತು ಅನ್ನೋದೇ ಇಲ್ಲಿ ಮುಖ್ಯ."

ಕೆಲಸ ತಪ್ಪಿಸಿಕೊಳ್ಳಲು ಈಗಿನ ಹುಡುಗಿಯರಿಗೆ ಎಂಥೆಂಥ ನೆವ ಎಂದುಕೊಂಡು ವೆಂಕಟರಾಮು ಅವಳು ಬರುವಷ್ಟರಲ್ಲಿ ಎಲ್ಲ ಕಟ್ಟುಗಳನ್ನೂ ಬಿಚ್ಚಿದ. ಮದುವೆ, ಸಮುದ್ರ, ಅಂಗಡಿ, ಗಂಡಸರು, ಮಕ್ಕಳು ಎಂದು ಅಚ್ಚುಕಟ್ಟಾಗಿ ಪೆಟ್ಟಿಗೆಗಳಿಗೆ ತುಂಬಿದ. ದಾರವನ್ನು ಕಸಕ್ಕೆ ಹಾಕಿದ. ಹಿಂತಿರುಗಿದ ಜಾಹ್ನವಿ ಪೆಟ್ಟಿಗೆಗಳನ್ನು ನೋಡಿ ತಲೆಯ ಮೇಲೆ ಕೈಹೊತ್ತು ಕುಳಿತಳು. ಅವನಿಗೆ ಆಗ ಸಿಟ್ಟೇ ಬಂದಿತ್ತು.

"ಆ ಕಟ್ಟಲ್ಲಿ ಏನಿತ್ತಮ್ಮಾ?" ಎಂದು ಈಗ ಕೇಳಿದ. ದನಿ ಸಣ್ಣದಾಗಿತ್ತು.

"ನನ್ನ ಮಗು. ಜರ್ಟ್ರೂಡ್." ಜೂಲಿಯೆಟ್ ಬಾಯಿ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡರು. "ತಿಂಗಳು ತುಂಬುವ ಮೊದ್ಲೇ ಹೋಯ್ತು ಅದು. ಹೆರಿಗೆ ಆದದ್ದೇ ನನಗೆ ಜ್ವರ, ಎಚ್ಚರವೇ ಇರ್ಲಿಲ್ಲ. ಅದರ ಮುಖ ಸರೀ ನೋಡಿದ್ದೂ ಇಲ್ಲ ನಾನು. ಇವರು ಒಂದು ಫೋಟೋ ತೆಗ್ದಿದ್ರು. ನೋಡಿದ್ರೆ ನನ್ನ ತಲೆ ಕೆಡ್ತದೆ ಅಂತ ಆ ದಿನದ ಕಟ್ಟಿಗೇ ಸೇರಿಸಿ ಇಟ್ರಂತೆ. ಸಾಯುವ ಮೊದ್ಲು ಹೇಳಿದ್ದು. ಮೂರು ಅಣ್ಣತಮ್ಮಂದಿರ ಕಟ್ಟಿನಲ್ಲಿ ಒಂದೇ ಮಗು ಉಂಟು, ಅದೇ ನಮ್ಮದು ಅಂತ."

"ಮತ್ತೆ ಇಷ್ಟು ದಿನ..."

"ಬಿಚ್ಚಿ ನೋಡ್ಲಿಕ್ಕೆ ಧೈರ್ಯ ಬರ್ಲಿಲ್ಲ. ಲೈಬ್ರರಿಯವರು ಜೋಪಾನ ಮಾಡ್ತಾರೆ ಅಂತ ಮಗ ಹೇಳಿದ. ಈಗ ಅವನ ಸ್ಟೇಡಿಯಂ ಕೆಲಸ ಖಲಾಸ್. ನಾಡಿದ್ದು ಊರಿಗೆ. ಇನ್ನು ಬರ್ಲಿಕ್ಕಿಲ್ಲ."

ಬೆನ್ನ ಹಿಂದೆ ಜಾಹ್ನವಿಯ ಟೈಪಿಂಗ್ ನಿಂತಿತು. ಅವಳೇ ಎದ್ದುಹೋಗಿ ಎರಡು ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟಳು. 'ಮಕ್ಕಳು, ಕೈಗೂಸು' ಎಂಬ ಚೀಟಿಯಲ್ಲಿ ಅವನದೇ ದುಂಡಗಿನ ಅಕ್ಷರ.

ಒಂದೇ ಹೂವಿನ ಚಾದರದ ಮೇಲೆ ಎಷ್ಟೊಂದು ಮಕ್ಕಳು. ಅಂಗಾತ ಮಲಗಿದ್ದವು, ಮುಷ್ಟಿ ಬಿಗಿದಿದ್ದವು, ಕೆಲವು ಅಳುತ್ತಿದ್ದವು. ವೆಂಕಟರಾಮು ಅಣ್ಣತಮ್ಮಂದಿರ ಫೋಟೋ ತೆಗೆದು, ಅಂಚಿನಲ್ಲಿ ದಾರ ಒತ್ತಿದ ಗೆರೆಯನ್ನು ಭೂತಗನ್ನಡಿಯಲ್ಲಿ ಹುಡುಕಿದ. ಒಟ್ಟಿಗಿದ್ದ ಫೋಟೋಗಳಲ್ಲಿ ಗೆರೆ ಒಂದೇ ಜಾಗಕ್ಕೆ ಬರಬೇಕು. ಒಂದು ಮಗುವಿನ ಮೇಲೆ ಇಟ್ಟು ನೋಡಿದ. ಕೂಡಿತು. ಮುಂದಿನದೂ ಕೂಡಿತು. ಅದರ ಮುಂದಿನದೂ. ಸೆಲೆಸ್ಟಿನ್ ಎಲ್ಲ ಕಟ್ಟುಗಳಿಗೂ ಒಂದೇ ಜಾಗದಲ್ಲಿ ದಾರ ಸುತ್ತಿದ್ದರು. ಜಾಹ್ನವಿ ಒಂದೊಂದನ್ನೇ ತಿರುಗಿಸಿ ಹಿಂಬದಿಯಲ್ಲಿ ಹೊಂದುವ ಕಲೆಗಳನ್ನು ಹುಡುಕಿದಳು. ಅಲ್ಲೂ ಏನೂ ಸಿಗಲಿಲ್ಲ.

ಯಾವುದೋ ಒಂದನ್ನು ಎತ್ತಿ ಇದೇ ಎಂದುಬಿಟ್ಟರೆ? ಯಾರಿಗೆ ಗೊತ್ತಾಗುತ್ತದೆ, ಮುದುಕಿ ನೆಮ್ಮದಿಯಾಗಿ ವಿಮಾನ ಹತ್ತುತ್ತಾಳೆ. ಅವನ ಕೈ ತಾನಾಗಿಯೇ ಕಣ್ಣು ಮುಚ್ಚಿದ ಒಂದು ಕೂಸನ್ನು ಎತ್ತಿತ್ತು.

"ಇದಾ?" ಜೂಲಿಯೆಟ್ ಬಾಯಿ ಕುರ್ಚಿಯಿಂದ ಅರ್ಧ ಎದ್ದರು.

ಆ ಮುಖ ನೋಡಿ ಅವನು ಫೋಟೋ ಕೆಳಗಿಟ್ಟ.

"ಗೊತ್ತಿಲ್ಲಮ್ಮಾ. ಕಟ್ಟು ಬಿಚ್ಚಿದ್ದು ನಾನೇ. ಬೇಡ ಅಂತ ಈ ಹುಡುಗಿ ಹೇಳಿದ್ಲು, ಕೇಳ್ಲಿಲ್ಲ. ನಿಮ್ಮ ಮಗು ಇದರಲ್ಲೇ ಇದೆ. ಯಾವುದು ಅಂತ ಹೇಳೋಕೆ ಇನ್ನು ಯಾರ ಕೈಲೂ ಆಗಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವರು ಬೈಯಲಿಲ್ಲ. ಕನ್ನಡಕ ಒರೆಸಿಕೊಂಡು ಎಲ್ಲ ಮಕ್ಕಳನ್ನೂ ಮೇಜಿನ ಉದ್ದಕ್ಕೂ ಸಾಲಾಗಿ ಹರಡಿದರು. ಒಂದೊಂದರ ಮುಂದೆಯೂ ಬಗ್ಗಿ ನಿಂತರು. ಕೊನೆಯ ಮಗುವಿನವರೆಗೆ ಹೋಗಿ, ಮತ್ತೆ ಮೊದಲಿನಿಂದ ನೋಡಿದರು.

"ಮೂಗು ಇವರ ಹಾಗೆ ಇರ್ಬಹುದು ಅಂತ ಇತ್ತು ನನಗೆ," ಎಂದರು. "ಈ ಪ್ರಾಯಕ್ಕೆ ಮೂಗೇ ಎಲ್ಲುಂಟು."

ವೆಂಕಟರಾಮು ಗೋಡೆಯ ಕಡೆ ತಿರುಗಿ ನಿಂತ. ಜೂಲಿಯೆಟ್ ಬಾಯಿ ತಲೆಯೆತ್ತಿ ಎ.ಸಿ.ಯ ಕಡೆ ನೋಡಿದರು.

"ಇಲ್ಲಿ ಎಂತ ಚಳಿ ಸರ್. ಸ್ವಲ್ಪ ಕಮ್ಮಿ ಮಾಡ್ಲಿಕ್ಕೆ ಆಗ್ತದಾ?"

"ಆಗಲ್ಲಮ್ಮಾ. ಫೋಟೋ ಕೆಡಬಾರದು ಅಂದ್ರೆ ಇಷ್ಟು ಚಳಿ ಬೇಕು."

ಅವರು ತಲೆಯಾಡಿಸಿದರು. ಫೋಟೋಗಳ ನಡುವೆ ಇಡಲೆಂದು ಮೇಜಿನ ತುದಿಯಲ್ಲಿ ಜೋಡಿಸಿದ್ದ ತೆಳು ಬಿಳಿ ಕಾಗದಗಳಿಂದ ಒಂದನ್ನು ಎಳೆದುಕೊಂಡರು. ಮೊದಲ ಮಗುವಿಗೆ ಗಲ್ಲದವರೆಗೆ ಹೊದಿಸಿ, ಮುಖ ಮಾತ್ರ ಹೊರಗೆ ಬಿಟ್ಟು, ಅಂಚನ್ನು ಬೆರಳಿನಿಂದ ಮೆಲ್ಲನೆ ಒತ್ತಿದರು. ಆಮೇಲೆ ಎರಡನೆಯದಕ್ಕೆ.

ವೆಂಕಟರಾಮು ಹತ್ತಿರ ಬಂದು, ಕಾಗದಗಳನ್ನು ಒಂದೊಂದಾಗಿ ಬಿಡಿಸಿ ಅವರ ಕೈಗೆ ಕೊಡತೊಡಗಿದ.